ಪೆಂಟಾಗ್ರಾಮ್ ಬ್ಯಾಂಡಿನ ಹಳೆಯ ಡೆಮೊಗಳನ್ನೂ ಕೇಳಬೇಕಾ, ಆಲ್ಬಂ ಸಾಲದಾ?

ಖಂಡಿತ ಕೇಳಬೇಕು. ಈ ಹೆವಿ ಮೆಟಲ್ ಬ್ಯಾಂಡಿನ 1985ರ ಮೊದಲ ಆಲ್ಬಂ ನಿಮಗೆ ಹಿಡಿಸಿದೆ, ಅದಕ್ಕಿಂತ ಹಿಂದಿನ ಡೆಮೊಗಳೆಲ್ಲ, ಅಂದರೆ ಆಲ್ಬಮ್ಮಿಗೆ ಮೊದಲು ಮಾಡುವ ಕಚ್ಚಾ ರೆಕಾರ್ಡಿಂಗ್‌ಗಳು, ಬರೀ ಅಭ್ಯಾಸದ ಟೇಪು ಅಲ್ವಾ ಅಂತ ಕೇಳಿದ್ದೀರಿ. ಬೇರೆ ಬ್ಯಾಂಡ್ ಆಗಿದ್ದರೆ ಹೌದು ಅನ್ನುತ್ತಿದ್ದೆ. ಇವರ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ.

ಹಾಡುಗಾರ ಬಾಬಿ ಲೀಬ್ಲಿಂಗ್ ಮತ್ತು ಜೆಫ್ ಓಕೀಫ್ ಅಮೆರಿಕದ ವರ್ಜೀನಿಯಾದಲ್ಲಿ ಈ ಬ್ಯಾಂಡ್ ಕಟ್ಟಿದ್ದು 1971ರಲ್ಲಿ. ಎಪ್ಪತ್ತರ ದಶಕದಲ್ಲಿ ಒಂದೆರಡು ಹಾಡಿನ ಪುಟ್ಟ ರೆಕಾರ್ಡುಗಳು, ಅಂದರೆ ಸಿಂಗಲ್‌ಗಳು, ಕೆಲವು ಬಂದವು, ಆಲ್ಬಂ ಮಾತ್ರ ಕೈಗೂಡಲಿಲ್ಲ. ಹಾಡುಗಳಿಗೇನೂ ಬರ ಇರಲಿಲ್ಲ. ಹಾಗಾಗಿ ಆ ಕಾಲದ ಪೆಂಟಾಗ್ರಾಮ್ ಅಂದರೆ ಆ ಡೆಮೊಗಳೇ. ಅವುಗಳಲ್ಲಿ ಒಳ್ಳೆಯವನ್ನು ರಿಲ್ಯಾಪ್ಸ್ ರೆಕಾರ್ಡ್ ಕಂಪನಿ ಎಷ್ಟೋ ವರ್ಷದ ಮೇಲೆ 'ಫಸ್ಟ್ ಡೇಜ್ ಹಿಯರ್' ಹೆಸರಲ್ಲಿ ಒಟ್ಟುಮಾಡಿ ಹೊರತಂದಿತು.

ಅದರಲ್ಲಿ 'ಫಾರೆವರ್ ಮೈ ಕ್ವೀನ್' ಹಾಕಿ. ಎರಡೂವರೆ ನಿಮಿಷವೂ ಇಲ್ಲ. ವಿನ್ಸೆಂಟ್ ಮ್ಯಾಕಲಿಸ್ಟರ್ ಗಿಟಾರಿನ ಒಂದೇ ರಿಫ್ (ಮತ್ತೆ ಮತ್ತೆ ಬರುವ ಸ್ವರದ ತುಣುಕು), ಫಜ್ ಅನ್ನುವ ಒರಟು, ಗರಗರ ನಾದ ತುಂಬಿಕೊಂಡು, ಶುರುವಿನಿಂದಲೇ ಎದೆ ಮೇಲೆ ಕೂರುತ್ತದೆ. ಲೀಬ್ಲಿಂಗ್ ದನಿಯಲ್ಲಿ ಇನ್ನೂ ಹುಡುಗುತನ ಇದೆ, ಆದರೂ ಆ ಹಾಡಲ್ಲಿ ಏನೋ ಕೇಡು ಕಾದಿದೆ ಅನ್ನಿಸುತ್ತದೆ. ನನಗೆ ಇಡೀ ಸಂಗ್ರಹದಲ್ಲಿ ಅದಕ್ಕಿಂತ ಪ್ರೀತಿಯ ಹಾಡು ಇನ್ನೊಂದಿಲ್ಲ.

ಆಮೇಲೆ '20 ಬಕ್ ಸ್ಪಿನ್'. ಇದು ಆ ಸಂಗ್ರಹದಲ್ಲೂ ಇದೆ, ನಿಮ್ಮ ಇಷ್ಟದ ಆಲ್ಬಮ್ಮಿನ ಕೊನೆಯಲ್ಲೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಹಳೆಯದು ಕುಣಿಯುತ್ತದೆ, ಅದು ಗಟ್ಟಿ ರಾಕ್. ಹೊಸದರಲ್ಲಿ ವಿಕ್ಟರ್ ಗ್ರಿಫಿನ್ ಗಿಟಾರ್ ಬಂದು ಅದೇ ಹಾಡಿಗೆ ಭಾರ ಹೇರುತ್ತದೆ. ರಾಕ್ ಸಂಗೀತ ಡೂಮ್ ಆಗಿದ್ದು, ಅಂದರೆ ನಿಧಾನದ, ಭಾರದ, ಕತ್ತಲು ಕವಿದ ಮೆಟಲ್ ಆಗಿದ್ದು ಹೇಗೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಜೋಡಿ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ನಿಮ್ಮ ಆ 1985ರ ಆಲ್ಬಮ್ಮಿನ ಮೂಲವೂ ಡೆಮೊನೇ! ಲೀಬ್ಲಿಂಗ್, ಗ್ರಿಫಿನ್ ಸೇರಿ ಡೆತ್ ರೋ ಅನ್ನುವ ಹೆಸರಲ್ಲಿದ್ದಾಗ ಮಾಡಿದ 'ಆಲ್ ಯುವರ್ ಸಿನ್ಸ್' ಡೆಮೊದಿಂದ ಅದು ಹುಟ್ಟಿತು. ಮುಂದೆ ಇಂಗ್ಲೆಂಡಿನ ಕೆಥೀಡ್ರಲ್ ಬ್ಯಾಂಡ್ 1990ರಲ್ಲಿ ತನ್ನ ಮೊದಲ ಡೆಮೊ 'ಇನ್ ಮೆಮೋರಿಯಂ' ಮಾಡಿದಾಗ ಪೆಂಟಾಗ್ರಾಮಿನ ಇದೇ ಹೆಸರಿನ ಹಾಡನ್ನು, 'ಆಲ್ ಯುವರ್ ಸಿನ್ಸ್' ಅನ್ನು, ಎತ್ತಿಕೊಂಡು, ಇನ್ನೂ ನಿಧಾನ ಮಾಡಿ ನುಡಿಸಿತು. ಸಿಕ್ಕರೆ ಅದನ್ನೂ ಬಿಡಬೇಡಿ.

'ಫಸ್ಟ್ ಡೇಜ್ ಹಿಯರ್ ಟೂ' ಅಂತ ಎರಡನೇ ಸಂಗ್ರಹವೂ ಇದೆ. ಅದಕ್ಕೆ ಆತುರ ಬೇಡ, ಮೊದಲನೆಯದು ಬಾಯಿಪಾಠ ಆದ ಮೇಲೆ ಸಾಕು.