ಬೈಕಲ್ ದಡದ ಕೆಸರು ಯಾರದು?

(ಸೈಬೀರಿಯಾದ ಬೈಕಲ್ ಸರೋವರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಕಾಗದ ಕಾರ್ಖಾನೆಯ ಪಲ್ಪ್ (ಮರದ ತಿರುಳು) ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ದಡದ ಬೈಕಲ್‌ಸ್ಕ್ ಊರಿನ ಪಲ್ಪ್ ಕಾರ್ಖಾನೆ ಬಾಗಿಲು ಹಾಕಿದ್ದು 2013ರಲ್ಲಿ. ಇನ್ನೂ ಅಪಾಯ ಅಪಾಯ ಅಂತ ಬರೆಯುತ್ತೀರಿ. ಲಿಗ್ನಿನ್ ಮರದೊಳಗಿನದ್ದೇ ತಾನೇ? ಬಿಟ್ಟರೆ ಮಣ್ಣಾಗುತ್ತದೆ. ಸರೋವರದಲ್ಲಿ 23,000 ಘನ ಕಿಲೋಮೀಟರ್‌ಗೂ ಜಾಸ್ತಿ ನೀರಿದೆ. ಕಾರ್ಖಾನೆ ಬಿಟ್ಟುಹೋದ ಲಿಗ್ನಿನ್ ಕೆಸರೆಲ್ಲ ಒಳಗೆ ಬಿದ್ದರೂ ನಲವತ್ತು ಲಕ್ಷದಲ್ಲಿ ಒಂದು ಪಾಲು. ಅದಿರಲಿ, ಕಾರ್ಖಾನೆ ಮುಚ್ಚಿಸಿದವರು ಆ ಊರಿನ ಜನ ಏನಾದರು ಅಂತ ಕೇಳಿದ್ದಾರಾ?" — ಸಂ.)

ನಮಸ್ಕಾರ ಸಾರ್,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಪಲ್ಪ್ ಕುದಿಸುವ ಕೆಲಸ ಗೊತ್ತಿರುವವರು ಬರೆದ ಪತ್ರ ನಮಗೆ ಬರುವುದೇ ಅಪರೂಪ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಲಿಗ್ನಿನ್ ವಿಷಯ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಪದಾರ್ಥ ಅದು, ಮರದ್ದೇ, ಒಪ್ಪಿದೆ. ಆದರೆ ಕಾಡಿನಲ್ಲಿ ಬಿದ್ದ ಮರ ಕೊಳೆಯುವುದೇ ಬೇರೆ, ಡೈಜೆಸ್ಟರ್‌ನಿಂದ (ಮರ ಬೇಯಿಸುವ ದೊಡ್ಡ ಪಾತ್ರೆ) ಬಂದದ್ದು ಕೊಳೆಯುವುದೇ ಬೇರೆ. ಮರದ ಚಿಪ್ಸನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಹಾಕಿ ಬೇಯಿಸಿದಾಗ ಲಿಗ್ನಿನ್ ಕರಗಿ ಬ್ಲ್ಯಾಕ್ ಲಿಕ್ಕರ್ ಎಂಬ ಕಪ್ಪು ದ್ರವಕ್ಕೆ ಸೇರುತ್ತದೆ. ಅದನ್ನು ರಿಕವರಿ ಬಾಯ್ಲರ್‌ನಲ್ಲಿ ಸುಡುತ್ತಾರೆ. ಇದೆಲ್ಲ ನಿಮಗೆ ನಾನು ಹೇಳಬೇಕಾಗಿಲ್ಲ, ಉಳಿದ ಓದುಗರಿಗಾಗಿ ಬರೆದೆ. ಬೈಕಲ್‌ಸ್ಕ್‌ನಲ್ಲಿ ಪಲ್ಪನ್ನು ಕ್ಲೋರಿನ್‌ನಿಂದ ಬಿಳಿ ಮಾಡುತ್ತಿದ್ದರು. ಆಮೇಲೆ ಉಳಿದ ಲಿಗ್ನಿನ್ ಸೇರಿದ ಕೊಳೆ ನೀರಿಗೆ ಆಲಂ ಎಂಬ ಅಲ್ಯುಮಿನಿಯಂ ಲವಣ ಮತ್ತು ಪಾಲಿಯಾಕ್ರಿಲಮೈಡ್ ಹಾಕಿ, ತೇಲುವ ಲಿಗ್ನಿನ್ ಕೆಳಗೆ ಕೂರುವಂತೆ ಮಾಡುತ್ತಿದ್ದರು. ಹಾಗೆ ಕೂತ ಕೆಸರೇ ದೊಡ್ಡ ದೊಡ್ಡ ಹೊಂಡಗಳಿಗೆ ಹೋಯಿತು. ಅದರಲ್ಲಿ ಗಂಧಕ ಇದೆ, ಕ್ಲೋರಿನ್ ಸೇರಿದ ಸಂಯುಕ್ತಗಳಿವೆ, ಅಲ್ಯುಮಿನಿಯಂ ಇದೆ. ಬಹುಪಾಲು ನೀರೇ. ಆದರೆ ಆ ನೀರು ಹಿಂಡಿದರೂ ಬಿಡುವುದಿಲ್ಲ, ಬಿಸಿಲಿಗೂ ಸುಲಭಕ್ಕೆ ಒಣಗುವುದಿಲ್ಲ. ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದ ಕಡೆ ಲಿಗ್ನಿನ್ ಕೊಳೆಯಲು ದಶಕಗಳೂ ಸಾಲವು. 1966ರಲ್ಲಿ ಶುರುವಾದ ಕಾರ್ಖಾನೆ ಅದು. ಹಳೆಯ ಹೊಂಡಗಳ ಕೆಸರು ಇವತ್ತಿಗೂ ಕೆಸರಾಗಿಯೇ ಇದೆ, ಮಣ್ಣಾಗಿಲ್ಲ.

ಒಟ್ಟು 60 ಲಕ್ಷ ಟನ್‌ಗೂ ಜಾಸ್ತಿ. ಹೊಂಡಗಳ ಸಾಲು ದಡದಿಂದ ಕೆಲವೇ ನೂರು ಮೀಟರ್ ದೂರದಲ್ಲಿದೆ.

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸಾರಿಗೆ ಉಪ್ಪು ಹಾಕಿ ಸೌಟಿನಲ್ಲಿ ತಿರುವಿದ ಹಾಗೆ ಸರೋವರವನ್ನು ತಿರುವುವವರು ಯಾರೂ ಇಲ್ಲ. ಬೈಕಲ್ 636 ಕಿಲೋಮೀಟರ್ ಉದ್ದ, 1,642 ಮೀಟರ್ ಆಳ. ಒಳಗೆ ಬಂದ ನೀರು ಅಂಗಾರಾ ನದಿಯಿಂದ ಹೊರಗೆ ಹೋಗಲು ಸರಾಸರಿ 300 ವರ್ಷಕ್ಕೂ ಜಾಸ್ತಿ ಬೇಕು. ಕೆಸರು ನುಗ್ಗಿದರೆ ಮೊದಲು ಬೀಳುವುದು ದಕ್ಷಿಣ ದಡದ ಆಳವಿಲ್ಲದ ನೀರಿಗೆ. ಸರೋವರದ ಜೀವ ಹೆಚ್ಚಾಗಿ ಇರುವುದೂ ಇಂಥ ಕಡೆಯೇ: ಹಸಿರು ಸ್ಪಂಜುಗಳು, ಕಲ್ಲಿನ ಸಂದಿಯಲ್ಲಿ ಮೊಟ್ಟೆ ಇಡುವ ಚಿಕ್ಕ ಮೀನುಗಳು. ಆ ಚಿಕ್ಕ ಮೀನುಗಳನ್ನು ಒಮುಲ್ ಎಂಬ ಮೀನು ತಿನ್ನುತ್ತದೆ, 2017ರಲ್ಲಿ ವ್ಯಾಪಾರಕ್ಕೆ ಹಿಡಿಯುವುದು ನಿಷೇಧವಾಗುವ ತನಕ ಒಮುಲ್ ಹಿಡಿದು ದಡದ ಜನ ಬದುಕುತ್ತಿದ್ದರು. ಬೈಕಲ್ ನೀರು ಅಷ್ಟು ತಿಳಿಯಾಗಿರಲು ಎಪಿಶುರಾ ಎಂಬ ಪುಟಾಣಿ ಜೀವಿ ದೊಡ್ಡ ಕಾರಣ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ನೀರು ಸೋಸುವುದೇ ಅದರ ಬದುಕು. ಇವುಗಳಲ್ಲಿ ಬಹಳಷ್ಟು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ನಲವತ್ತು ಲಕ್ಷದಲ್ಲಿ ಒಂದು ಪಾಲು ಅನ್ನುವ ಸರಾಸರಿ, ಕೆಸರಿನಡಿ ಸಿಕ್ಕ ಸ್ಪಂಜಿಗೆ ಯಾವ ಸಮಾಧಾನ ಹೇಳೀತು?

ಕೆಸರು ಸುಮ್ನೆ ಹೊಂಡದಲ್ಲಿ ಕೂತಿದೆಯಲ್ಲ, ನುಗ್ಗುವುದು ಹೇಗೆ ಅಂತ ನೀವು ಕೇಳಬಹುದು. ನನ್ನನ್ನು ನಿಜಕ್ಕೂ ಹೆದರಿಸುವುದು ಇದೇ. ಊರಿನ ಬೆನ್ನಿಗೆ ಖಮಾರ್ ದಬಾನ್ ಬೆಟ್ಟಸಾಲು ಇದೆ. ಜೋರು ಮಳೆಗೆ ಅಲ್ಲಿಂದ ಬರುವುದು ಬರೀ ನೀರಲ್ಲ. ಬಂಡೆ, ಮರ, ಮಣ್ಣು ಎಲ್ಲ ಒಟ್ಟಿಗೆ ಇಳಿಯುತ್ತದೆ. 1971ರಲ್ಲಿ ಹೀಗೆ ಇಳಿದ ಕೆಸರು ದಕ್ಷಿಣ ದಡದಲ್ಲಿ ಹಾದುಹೋಗುವ ಟ್ರಾನ್ಸ್-ಸೈಬೀರಿಯನ್ ರೈಲು ಮಾರ್ಗವನ್ನೇ ಹಾಳುಮಾಡಿತು. 2014ರ ಜೂನ್‌ನಲ್ಲಿ ಪಕ್ಕದ ಬುರ್ಯಾತಿಯಾದ ಅರ್ಷಾನ್ ಎಂಬ ಊರಿಗೆ ಇಂಥದ್ದೇ ಪ್ರವಾಹ ನುಗ್ಗಿತು. ಸಾಲದ್ದಕ್ಕೆ ಬೈಕಲ್ ಇರುವುದು ಭೂಮಿ ಬಿರುಕು ಬಿಡುತ್ತಿರುವ ಜಾಗದಲ್ಲಿ. 1862ರ ಭೂಕಂಪದಲ್ಲಿ ಸೆಲೆಂಗಾ ನದಿ ಸರೋವರ ಸೇರುವ ಕಡೆ ಹುಲ್ಲುಗಾವಲೇ ಕುಸಿದು, ಅಲ್ಲೊಂದು ಹೊಸ ಕೊಲ್ಲಿ ಆಯಿತು. 2008ರ ಆಗಸ್ಟ್‌ನಲ್ಲೂ ದಕ್ಷಿಣ ತುದಿಯಲ್ಲಿ ಜೋರಾಗಿಯೇ ನಡುಗಿತ್ತು. ಇಂಥ ಬೆಟ್ಟಕ್ಕೂ ಇಂಥ ಸರೋವರಕ್ಕೂ ನಡುವೆ ಆ ಹೊಂಡಗಳಿವೆ. ಏನೂ ಆಗದ ವರ್ಷದಲ್ಲೂ ಮಳೆ ನೀರು, ಹಿಮ ಕರಗಿದ ನೀರು ಕೆಸರಿನ ಮೇಲೆ ಏರುತ್ತದೆ. ಅಂಚು ದಾಟುವ ಮೊದಲು ಪಂಪ್ ಹಚ್ಚಿ ತೆಗೆಯಬೇಕು, ಶುದ್ಧ ಮಾಡಬೇಕು, ಆಮೇಲೆ ಬಿಡಬೇಕು. ಪ್ರತಿ ವರ್ಷ.

ಅಂಥ ಜಾಗದಲ್ಲಿ ಕಾರ್ಖಾನೆ ಯಾಕೆ ಕಟ್ಟಿದರು? ಅದೇ ತಮಾಷೆ. ವಿಮಾನದ ಟೈರಿನ ಗಟ್ಟಿ ದಾರಕ್ಕೆ ಬಹಳ ಶುದ್ಧವಾದ ಪಲ್ಪ್ ಬೇಕಿತ್ತು. ಅದಕ್ಕೆ ಖನಿಜ ಕಡಿಮೆ ಇರುವ ನೀರು ಬೇಕು, ಬೈಕಲ್ ನೀರು ಹಾಗಿದೆ. ಅಂದರೆ ಶುದ್ಧವಾಗಿದೆ ಎನ್ನುವ ಕಾರಣಕ್ಕೇ ಕೊಳೆ ಮಾಡುವ ಕಾರ್ಖಾನೆ ಬಂತು! ಅಷ್ಟರಲ್ಲಿ ಟೈರಿಗೆ ಕೃತಕ ನೂಲು ಬಂದು ಆ ಪಲ್ಪಿನ ಅಗತ್ಯವೇ ಹೋಯಿತು, ಕಾರ್ಖಾನೆ ಮಾತ್ರ ಓಡಿತು. ಸೋವಿಯತ್ ಕಾಲದಲ್ಲೇ ವಿಜ್ಞಾನಿ ಗ್ರಿಗೋರಿ ಗಲಾಜಿ, ಲೇಖಕ ವಲೆಂತಿನ್ ರಸ್ಪೂತಿನ್ ಅಂಥವರು ದನಿ ಎತ್ತಿದ್ದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಈಗ ನಿಮ್ಮ ಕೊನೆಯ ಪ್ರಶ್ನೆ. ಪತ್ರದಲ್ಲಿ ಹೆಚ್ಚು ತೂಕದ್ದು ಅದೇ. 2008ರಲ್ಲಿ ಕಾರ್ಖಾನೆ ನಿಂತಿತು. 2010ರ ಜನವರಿಯಲ್ಲಿ ಸರ್ಕಾರವೇ ನಿಯಮ ಸಡಿಲಿಸಿ ಮತ್ತೆ ಓಡಿಸಿತು. ಕೆಲಸ ಹೋದವರ ಕಷ್ಟ ಅದಕ್ಕೊಂದು ದೊಡ್ಡ ಕಾರಣ. 2013ರಲ್ಲಿ ದಿವಾಳಿಯಾಗಿ ಪೂರ್ತಿ ಮುಚ್ಚಿತು. ಹದಿನೈದು ಸಾವಿರ ಜನವೂ ಇಲ್ಲದ ಊರಿನಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಹೋಯಿತು. ಚಳಿಗಾಲದಲ್ಲಿ ಮನೆಗಳಿಗೆ ಬಿಸಿ ನೀರು ಕಳಿಸುತ್ತಿದ್ದದ್ದೂ ಕಾರ್ಖಾನೆಯ ವಿದ್ಯುತ್ ಘಟಕವೇ. ಪ್ರವಾಸಿಗಳು ಬರುತ್ತಾರೆ, ಹಿಮದ ಮೇಲೆ ಜಾರುವ ಆಟ ಇದೆ ಎಂದರು. ಇದೆ, ನಿಜ. ಊರಿನ ಸ್ಟ್ರಾಬೆರಿಗೂ ಹೆಸರಿದೆ. ಆದರೆ ಡೈಜೆಸ್ಟರ್ ನಡೆಸುತ್ತಿದ್ದ ಐವತ್ತರ ವಯಸ್ಸಿನವನು ಸ್ಟ್ರಾಬೆರಿ ಮಾರಿ ಎಷ್ಟು ಸಂಪಾದಿಸಿಯಾನು? ಈ ಪ್ರಶ್ನೆಯನ್ನು ಸರೋವರದ ಪರ ಇದ್ದವರು ಗಟ್ಟಿಯಾಗಿ ಕೇಳಬೇಕಿತ್ತು. ನಿಮ್ಮ ಸಿಟ್ಟು ನ್ಯಾಯವಾದದ್ದು.

ಮಾಲೀಕ ಕಂಪನಿ ದಿವಾಳಿಯಾದ ಮೇಲೆ ಕೆಸರು ಸರ್ಕಾರದ ತಲೆಗೆ ಬಂತು. ಸರ್ಕಾರ ಗುತ್ತಿಗೆ ಕೊಡುತ್ತಾ ಹೋಯಿತು. ಮೊದಲು ವಿಇಬಿ ಇಂಜಿನಿಯರಿಂಗ್, ಆಮೇಲೆ ರೋಸ್‌ಗೆಯೊಲೊಗಿಯಾ, ಆಮೇಲೆ ಗಜ್‌ಎನೆರ್ಗೊಸ್ತ್ರೋಯ್ ಗುಂಪಿನ ಒಂದು ಕಂಪನಿ, ಕಡೆಗೆ ಅಣುಶಕ್ತಿ ನಿಗಮ ರೋಸಾಟಮ್‌ನ ಘಟಕ. ಪ್ರತಿ ಸಲ ಹೊಸ ಪರೀಕ್ಷೆ, ಹೊಸ ಯೋಜನೆ. ಬೂದಿ, ಸಿಮೆಂಟು ಬೆರೆಸಿ ಗಟ್ಟಿ ಮಾಡೋಣ ಅಂತ ಒಬ್ಬರು. ನೀರು ತೆಗೆದು ಒಣಗಿಸೋಣ ಅಂತ ಇನ್ನೊಬ್ಬರು. ಚಳಿಯಲ್ಲಿ ಹೆಪ್ಪುಗಟ್ಟಲು ಬಿಟ್ಟು ಕರಗಿಸಿದರೆ ಇಂಥ ಕೆಸರು ನೀರು ಬಿಡುತ್ತದೆ, ಸೈಬೀರಿಯಾದಲ್ಲಿ ಚಳಿ ಪುಕ್ಕಟೆ ಅಂತ ಮತ್ತೊಂದು ಸಲಹೆ. ನನಗೆ ಇದು ಹಿಡಿಸಿತು. ದಾರಿಗಳಿಲ್ಲದೆ ಅಲ್ಲ ಸಾರ್. ಒಂದು ದಾರಿ ಹಿಡಿದು ಕೊನೆ ಮುಟ್ಟುವ ತನಕ ಅಲ್ಲೇ ನಿಲ್ಲುವವರು ಇಷ್ಟು ವರ್ಷ ಇರಲಿಲ್ಲ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒನೊಂಡಾಗಾ ಸರೋವರ ಇದೆ. ಊರಿನ ಚರಂಡಿ ನೀರು, ಸೋಡಾ ಕಾರ್ಖಾನೆಯ ತ್ಯಾಜ್ಯ ಎಲ್ಲ ಸೇರಿ 1940ರಲ್ಲಿ ಈಜು, ಪಾದರಸದಿಂದಾಗಿ 1970ರಲ್ಲಿ ಮೀನುಗಾರಿಕೆ ನಿಷೇಧವಾಗಿತ್ತು. ಕಾರ್ಖಾನೆ ಹೋದರೂ ಹೊಣೆ ಹೋಗಲಿಲ್ಲ. 1999ರಲ್ಲಿ ಆ ಕಾರ್ಖಾನೆಯ ಮಾಲೀಕ ಕಂಪನಿ ಹನಿವೆಲ್ ಜೊತೆ ವಿಲೀನವಾದಾಗ ಹಳೆಯ ಕೊಳೆಯೂ ಜೊತೆಗೆ ಬಂತು. 2012ರಿಂದ 2014ರ ತನಕ ತಳದ ಕೆಸರು ಎತ್ತಿಸಬೇಕಾಯಿತು, ಉಳಿದದ್ದರ ಮೇಲೆ ಮರಳಿನ ಪದರ ಹಾಸಬೇಕಾಯಿತು. ಪದರ ಹಾಸಿದ್ದು ಸ್ವಚ್ಛ ಮಾಡಿದ ಹಾಗಲ್ಲ ಎಂದು ಅಲ್ಲಿನ ಮೂಲನಿವಾಸಿ ಒನೊಂಡಾಗಾ ಜನ ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಬಿಲ್ ಯಾರಿಗೆ ಕಳಿಸಬೇಕು ಅನ್ನುವುದಾದರೂ ಅಲ್ಲಿ ಗೊತ್ತಿತ್ತು.

ದೂರ ಯಾಕೆ, ನಮ್ಮ ಕೆಜಿಎಫ್‌ನಲ್ಲಿ ಗಣಿ ನಿಂತದ್ದು 2001ರಲ್ಲಿ. ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಇನ್ನೂ ಏಳುತ್ತದೆ. ಅದರ ಬಗ್ಗೆ ಬೇರೆಯಾಗಿಯೇ ಬರೆಸಬೇಕು.

ನಿಮ್ಮಿಂದ ಒಂದು ಕೆಲಸ ಆಗಬೇಕು. ಇಟಿಪಿಯಲ್ಲಿ (ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡುವ ಘಟಕ) ಕೂತ ಕೆಸರನ್ನು ನಿಮ್ಮ ಕಾಲದಲ್ಲಿ ಹೇಗೆ ಹಿಂಡುತ್ತಿದ್ದಿರಿ, ಎಲ್ಲಿ ಹಾಕುತ್ತಿದ್ದಿರಿ, ಮಳೆಗಾಲದಲ್ಲಿ ಏನಾಗುತ್ತಿತ್ತು ಅಂತ ಬರೆದು ಕಳಿಸುತ್ತೀರಾ? ಕೈಬರಹವಾದರೂ ನಡೆಯುತ್ತದೆ. ಮುಂದಿನ ಸಂಚಿಕೆಗೆ ಎರಡು ಪುಟ ಬಿಟ್ಟಿರುತ್ತೇನೆ. ಹೆಸರು ಬೇಡವೆಂದರೆ ಹಾಕುವುದಿಲ್ಲ.

— ಸಂಪಾದಕ