ವಾರಾಂತ್ಯಕ್ಕೆ ವೇಳಾಪಟ್ಟಿ ಬೇಡ, ಅಂಕಪಟ್ಟಿಯಂತೂ ಬೇಡವೇ ಬೇಡ

ಶನಿವಾರ, ಭಾನುವಾರಗಳನ್ನು ಮನೆಯವರೊಂದಿಗೆ ಸಾರ್ಥಕವಾಗಿ ಕಳೆಯಲು ಎಂಥ ವೇಳಾಪಟ್ಟಿ ಹಾಕಿಕೊಳ್ಳಬೇಕು, ಮನೆಯೊಳಗಿನ ಆಟಗಳಿಗೆ ಅಂಕ ಮತ್ತು ಬಹುಮಾನಗಳನ್ನು ಹೇಗೆ ಗೊತ್ತುಪಡಿಸಬೇಕು ಎಂದು ಕೇಳಿದ್ದೀರಿ. ಪ್ರಶ್ನೆಯ ಕೊನೆಯಲ್ಲಿ, ಅದೇನು ಅಷ್ಟು ಮುಖ್ಯವಲ್ಲ ಎಂಬಂತೆ, ಇತ್ತೀಚೆಗೆ ನಿಮ್ಮ ತಾಯಿಯವರು ‘ನೀವು ಆಡಿ, ನಾನು ನೋಡ್ತೀನಿ’ ಎನ್ನುತ್ತಾರೆಂದೂ ಬರೆದಿದ್ದೀರಿ. ನಾನು ಉತ್ತರ ಬರೆಯಲು ಕೂತಿರುವುದು ಆ ಒಂದು ಸಾಲಿಗಾಗಿ. ನಮ್ಮ ಮನೆಯಲ್ಲೂ ಆ ಮಾತು ಕೇಳಿಬಂದಿತ್ತು. ಅದರ ಅರ್ಥ ನನಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು.

ನಾವಿರುವುದು ಚಿಕ್ಕಬಳ್ಳಾಪುರ ಪಟ್ಟಣದಲ್ಲಿ. ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ನಾನು ಕೆಲಸಕ್ಕೆಂದು ದಿನವೂ ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತಿದರೆ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತಿತ್ತು. ವಾರದ ಐದು ದಿನ ಮಕ್ಕಳ ಮುಖವನ್ನು ಸರಿಯಾಗಿ ನೋಡದವನಿಗೆ ಉಳಿದ ಎರಡು ದಿನಗಳ ಒಂದು ಗಂಟೆಯೂ ವ್ಯರ್ಥವಾಗಬಾರದು ಎನ್ನಿಸುವುದು ಸಹಜ. ನಿಮ್ಮ ಪ್ರಶ್ನೆಯಲ್ಲೂ ಆ ಆತುರವನ್ನೇ ಕಂಡೆ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟ, ಒಂಬತ್ತಕ್ಕೆ ತಿಂಡಿ, ಹತ್ತರಿಂದ ಹನ್ನೆರಡರವರೆಗೆ ಮನೆಯಲ್ಲಿ ಆಟ, ಊಟದ ನಂತರ ಮಗನಿಗೆ ಈಜು, ಸಂಜೆ ಮಗಳಿಗೆ ಸಂಗೀತ ಎಂದು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೆ.

ನಮ್ಮ ತಂದೆಯವರು ಪ್ರತಿ ಶನಿವಾರ ಸಂಜೆಯ ಬಸ್ಸಿಗೆ ಊರಿನಿಂದ ಬರುತ್ತಿದ್ದರು. ಚಳಿಗಾಲವಾದರೆ ಕೈಯಲ್ಲಿ ಸೊಗಡು ತುಂಬಿದ ಅವರೆಕಾಯಿಯ ಚೀಲ, ಬೇಸಿಗೆಯಾದರೆ ಮಾವಿನಕಾಯಿ; ಜೇಬಿನಲ್ಲಿ ಯಾವಾಗಲೂ ನಾಲ್ಕು ಕವಡೆ. ಭಾನುವಾರ ನಡುಮನೆಯ ನೆಲದ ಮೇಲೆ ಬಳಪದಿಂದ ಐದಕ್ಕೈದು ಮನೆಗಳ ಚೌಕ ಬರೆದು, ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೀಟು ಹಾಕಿ, ಮೊಮ್ಮಕ್ಕಳನ್ನು ಕರೆಯುತ್ತಿದ್ದರು. ಚೌಕಾಬಾರ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆಡದವರಿಗೆ ಇಷ್ಟು ಸಾಕು: ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು, ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಅಂದರೆ ಎಂಟು, ಎರಡಕ್ಕೂ ಇನ್ನೊಮ್ಮೆ ಕವಡೆ ಹಾಕುವ ಅವಕಾಶ ಉಂಟು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಮಧ್ಯದ ಮನೆ ಸೇರಿದ ಕಾಯಿಯನ್ನು ‘ಹಣ್ಣಾಯಿತು’ ಎನ್ನುತ್ತೇವೆ.

ತಂದೆಯವರ ಆಟ ಬಹಳ ನಿಧಾನ. ಕವಡೆಗಳನ್ನು ಎರಡು ಅಂಗೈಗಳ ನಡುವೆ ಉಜ್ಜುತ್ತಿದ್ದರು, ಬಿದ್ದ ಮೇಲೆ ಒಮ್ಮೆ ನೋಡುತ್ತಿದ್ದರು, ಬೆರಳಿನಿಂದ ಒಂದೊಂದು ಮನೆಯನ್ನೂ ಮುಟ್ಟಿ ಎಣಿಸುತ್ತಿದ್ದರು, ಒಂದು ಕಾಯಿಯನ್ನು ನಡೆಸಿದರೆ ಏನಾಗುತ್ತದೆ, ಇನ್ನೊಂದನ್ನು ನಡೆಸಿದರೆ ಏನಾಗುತ್ತದೆ ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ನಡುವೆ ಯಾವುದೋ ಬರಗಾಲದ, ಯಾವುದೋ ಬಾವಿಯ ಕಥೆ ಬರುತ್ತಿತ್ತು. ಒಂದು ಆಟಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು. ಮೊಮ್ಮಗನ ಕಾಯಿ ಹೊಡೆಯುವ ಅವಕಾಶ ಬಂದರೂ ಎಷ್ಟೋ ಸಲ ಬೇರೆ ಕಾಯಿ ನಡೆಸಿಬಿಡುತ್ತಿದ್ದರು.

ಇದನ್ನೆಲ್ಲ ನಾನು ಸರಿಪಡಿಸಲು ಹೊರಟೆ. ನಾನು ಮಾಡಿದ ತಪ್ಪು ಇದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎರಡು ಗಂಟೆಯಲ್ಲಿ ಒಂದು ಆಟದ ಬದಲು ಮೂರು ಆಡಿದರೆ ಮಕ್ಕಳಿಗೆ ಮೂರು ಪಟ್ಟು ಸಂತೋಷ ಎಂದು ಲೆಕ್ಕ ಹಾಕಿದೆ. ಗೆದ್ದವರಿಗೆ ಹತ್ತು ಅಂಕ, ಎರಡನೆಯವರಿಗೆ ಐದು, ತಿಂಗಳ ಕೊನೆಯಲ್ಲಿ ಮೊದಲಿಗರಿಗೆ ಬಹುಮಾನ ಎಂದು ಗೋಡೆಗೆ ಅಂಕಪಟ್ಟಿ ತೂಗುಹಾಕಿದೆ. ಹೊಡೆಯಬಹುದಾದ ಕಾಯಿಯನ್ನು ಹೊಡೆಯದೆ ಬಿಟ್ಟರೆ ಆ ಸರದಿ ಹೋಯಿತು ಎಂಬ ನಿಯಮ ಮಾಡಿದೆ. ಕೊನೆಗೆ, ಒಂದು ಸರದಿಗೆ ಅರ್ಧ ನಿಮಿಷ ಮಾತ್ರ ಎಂದು ಮೊಬೈಲಿನಲ್ಲಿ ಗಂಟೆ ಹೊಡೆಯುವಂತೆ ಇಟ್ಟೆ. ಯಾರಿಗೂ ಅನ್ಯಾಯವಾಗಬಾರದೆಂಬ ಕಾಳಜಿ ನನಗಿತ್ತು; ನಿಯಮ ಎಲ್ಲರಿಗೂ ಒಂದೇ ಆದ ಮೇಲೆ ಅನ್ಯಾಯ ಎಲ್ಲಿಂದ ಬರುತ್ತದೆ ಎಂದು ನಂಬಿದ್ದೆ. ಒಂಬತ್ತು ವರ್ಷದ ಹುಡುಗನ ಕೈಗೂ, ಐವತ್ತು ವರ್ಷ ರೇಷ್ಮೆಹುಳಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಗಂಟುಗಳು ಬಿಗಿದುಹೋದ ಎಪ್ಪತ್ತೊಂದರ ಕೈಗೂ ಒಂದೇ ಅರ್ಧ ನಿಮಿಷ ಕೊಟ್ಟಿದ್ದೇ ಅನ್ಯಾಯ ಎಂಬುದು ಹೊಳೆಯಲಿಲ್ಲ. ಅದಕ್ಕಿಂತಲೂ ದೊಡ್ಡ ಸಂಗತಿಯೊಂದು ನನ್ನ ಗಮನಕ್ಕೆ ಬಂದಿರಲಿಲ್ಲ. ಅವರು ಆಟವನ್ನು ತಡಮಾಡುತ್ತಿರಲಿಲ್ಲ. ಆ ಎಣಿಕೆ, ಆ ಮಾತು, ಹೊಡೆಯದೆ ಬಿಟ್ಟ ಆ ಕಾಯಿ, ಎಲ್ಲವೂ ಸೇರಿಯೇ ಅವರ ಆಟವಾಗಿತ್ತು. ನಾನು ಅವರ ಆಟದಿಂದ ಅವರನ್ನೇ ತೆಗೆದುಹಾಕಿ, ಬರೀ ಕವಡೆಗಳನ್ನು ಉಳಿಸಿದ್ದೆ.

ಎರಡನೆಯ ವಾರವೋ ಮೂರನೆಯ ವಾರವೋ, ಅವರು ಕವಡೆ ಉಜ್ಜುತ್ತ ನನ್ನ ಮಗಳಿಗೆ ಏನನ್ನೋ ಹೇಳುತ್ತಿದ್ದಾಗ ಮೊಬೈಲು ಬಡಿದುಕೊಂಡಿತು. ಮಗ ಕೈತಟ್ಟಿ “ತಾತ ಔಟ್” ಎಂದು ಕೂಗಿದ. ತಂದೆಯವರ ಮುಚ್ಚಿದ ಅಂಗೈಗಳು ಚೌಕದ ಮೇಲೆ ಹಾಗೆಯೇ ಒಂದು ಕ್ಷಣ ನಿಂತವು. ಆಮೇಲೆ ಮಗಳ ಕೈ ಬಿಡಿಸಿ, ನಾಲ್ಕೂ ಕವಡೆಗಳನ್ನು ಅದರಲ್ಲಿಟ್ಟು, “ನನ್ನ ಆಟಾನೂ ನೀನೇ ಆಡವ್ವ, ನಾನು ನೋಡ್ತೀನಿ” ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಆಟ ಮುಗಿಯುವವರೆಗೂ ಅಲ್ಲೇ ಕೂತು ನೋಡಿದರು. ಆ ದಿನ ಮೂರು ಆಟಗಳು ಮುಗಿದವೆಂದು ನಾನು ಸಂತೋಷಪಟ್ಟಿದ್ದೆ.

ಮುಂದಿನ ಶನಿವಾರ ಅವರೆಕಾಯಿ ಚೀಲವನ್ನು ಊರಿನವರೊಬ್ಬರು ತಂದುಕೊಟ್ಟರು, ತಂದೆಯವರು ಬರಲಿಲ್ಲ. ಫೋನು ಮಾಡಿದರೆ, “ಹುಳ ಜ್ವರಕ್ಕೆ ಕೂತಿದಾವಪ್ಪ, ಈ ವಾರ ಆಗಲ್ಲ” ಎಂದರು. ನಾನು ಸರಿ ಎಂದೆ. ಮತ್ತೊಂದು ಸಲ ತೋಟಕ್ಕೆ ನೀರು ಬಿಡುವುದಿದೆ ಎಂದರು, ಇನ್ನೊಂದು ಸಲ ಮತ್ತೆ ಜ್ವರ ಎಂದರು. ಹಬ್ಬಗಳಿಗೆ ಬರುತ್ತಿದ್ದರು, ಸಂಜೆಯ ಬಸ್ಸಿಗೆ ಹಿಂತಿರುಗುತ್ತಿದ್ದರು. ನನಗೆ ಅನುಮಾನವೇ ಬರಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆದ ಮೇಲೆ ಮಗಳಿಗೆ ಶಾಲೆಯಲ್ಲಿ ರೇಷ್ಮೆ ಸಾಕಣೆಯ ಬಗ್ಗೆ ಬರೆದು ತರಲು ಹೇಳಿದರು. ನಾನು ಉತ್ಸಾಹದಿಂದ ಹೇಳುತ್ತಾ ಹೋದೆ. ಮೊಟ್ಟೆಯೊಡೆದ ಹುಳ ಗೂಡು ಕಟ್ಟಲು ಇಪ್ಪತ್ತೈದು ದಿನಗಳ ಆಸುಪಾಸು ಬೇಕು. ಅಷ್ಟರಲ್ಲಿ ನಾಲ್ಕು ಸಲ ಪೊರೆ ಕಳಚುತ್ತದೆ. ಹಾಗೆ ಕಳಚುವುದನ್ನೇ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳಗಳು ಹಗಲು ರಾತ್ರಿ ಮೇಯುತ್ತವೆ, ಒಟ್ಟು ಸೊಪ್ಪಿನಲ್ಲಿ ಬಹುಪಾಲು ಆ ಕೊನೆಯ ವಾರಕ್ಕೇ ಬೇಕು, ಆಗ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮೇವು ಬಿಟ್ಟು ಹುಳಗಳ ಮೈ ಹೊಳೆಯತೊಡಗಿದರೆ ಹಣ್ಣಾದವು ಎನ್ನುತ್ತೇವೆ. ಆಗ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಮಗಳು ಎಲ್ಲವನ್ನೂ ಬರೆದುಕೊಂಡು, “ಜ್ವರದ ದಿನ ಏನು ಕೆಲಸ ಇರುತ್ತಪ್ಪ?” ಎಂದು ಕೇಳಿದಳು.

“ಏನೂ ಇರಲ್ಲ. ಹುಳ ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿರ್ತವೆ. ಸೊಪ್ಪು ಹಾಕಬಾರದು, ತಟ್ಟೆ ಮುಟ್ಟಬಾರದು. ಅವತ್ತೇ ನಮಗೆ ರಜ. ಅವತ್ತೇ ನಮ್ಮಪ್ಪ ಚೌಕಾಬಾರ…” ಎನ್ನುತ್ತಿದ್ದವನು ಅಲ್ಲಿಗೇ ನಿಲ್ಲಿಸಿದೆ.

ರೇಷ್ಮೆ ಸಾಕುವ ಮನೆಯಲ್ಲಿ ಭಾನುವಾರ ಎಂಬುದಿಲ್ಲ. ಹುಳ ಜ್ವರಕ್ಕೆ ಕೂತ ಒಂದು ದಿನವೇ ನಮ್ಮ ಬಾಲ್ಯದ ಭಾನುವಾರವಾಗಿತ್ತು. ತಂದೆಯವರು ಚೌಕಾಬಾರ ಕಲಿಸಿದ್ದು ಆ ದಿನಗಳಲ್ಲಿ. ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿ ಕವಡೆಯಾಗಿ ಬಳಸುತ್ತಿದ್ದೆವು, ಅಮ್ಮನ ಒಡೆದ ಬಳೆಚೂರುಗಳೇ ಕಾಯಿಗಳು. ಅಂಥವರು ‘ಹುಳ ಜ್ವರಕ್ಕೆ ಕೂತಿದಾವೆ, ಬರಲಾಗುವುದಿಲ್ಲ’ ಎಂದಾಗ, ಆ ಮನೆಯಲ್ಲೇ ಹುಟ್ಟಿ ಬೆಳೆದ ನಾನು ಸರಿ ಎಂದು ಫೋನಿಟ್ಟಿದ್ದೆ. ಬಿಡುವಿರುವ ದಿನವನ್ನೇ ಅವರು ನೆಪವಾಗಿ ಹೇಳಿದ್ದರು. ನನಗೆ ಗೊತ್ತಾಗಲಿ ಎಂದೇ ಹಾಗೆ ಹೇಳಿದ್ದರೋ ಏನೋ. ನಾನು ಈವರೆಗೆ ಕೇಳಿಲ್ಲ.

ಆ ರಾತ್ರಿಯೇ ಅಂಕಪಟ್ಟಿಯನ್ನೂ ವೇಳಾಪಟ್ಟಿಯನ್ನೂ ತೆಗೆದೆ. ಶನಿವಾರ ಮಕ್ಕಳೊಂದಿಗೆ ಊರಿಗೆ ಹೋದೆ. ಕ್ಷಮೆ ಕೇಳಲು ಮಾತು ಬರಲಿಲ್ಲ; ಜಗಲಿಯ ಮೇಲೆ ನಾನೇ ಬಳಪದಿಂದ ಚೌಕ ಬರೆದೆ. ಅವರು ಸ್ವಲ್ಪ ಹೊತ್ತು ನೋಡಿ, “ಗೆರೆ ಸೊಟ್ಟ ಆಗಿದೆ” ಎಂದು ಅಳಿಸಿ ತಾವೇ ಬರೆದರು. ಅಷ್ಟರಲ್ಲಿ ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಬಿದ್ದ ಕವಡೆ ಬಾಯಿ ಮೇಲಾಗಿದೆಯೋ ಬೋರಲಾಗಿದೆಯೋ ಎಂಬುದನ್ನು ಮೊಮ್ಮಗ ಹೇಳಬೇಕಾಯಿತು. ಮುಂದಿನ ವರ್ಷ ಮಗಳು ಹತ್ತನೆಯ ತರಗತಿಗೆ ಬಂದಳು, ಅವಳ ಭಾನುವಾರಗಳು ಟ್ಯೂಷನ್ನಿಗೆ ಹೋದವು. ಆ ಒಂದೂವರೆ ವರ್ಷದ ಭಾನುವಾರಗಳು ನಮ್ಮ ಪಾಲಿಗೆ ಹೋದಂತೆಯೇ.

ಈಗ ನಿಮ್ಮ ವಿಚಾರ. ಯಾವ ವೇಳಾಪಟ್ಟಿ ಒಳ್ಳೆಯದು ಎಂದು ನಾನು ಹೇಳುವುದಿಲ್ಲ, ಏಕೆಂದರೆ ವಾರಾಂತ್ಯವನ್ನು ಸಾರ್ಥಕಗೊಳಿಸಬೇಕು ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಎರಡು ದಿನಕ್ಕೆ ಹೊರಗಿನ ಕಾರ್ಯಕ್ರಮ ಒಂದಿದ್ದರೆ ಸಾಕು. ಅದೂ ತಪ್ಪಿದರೆ ಚಿಂತೆಯಿಲ್ಲ. ನಂದಿಬೆಟ್ಟದ ಸೂರ್ಯೋದಯ ಚೆಲುವಾದದ್ದೇ, ಆದರೆ ಭಾನುವಾರ ನಿದ್ದೆಗಣ್ಣಿನ ಮಕ್ಕಳನ್ನು ಎಬ್ಬಿಸಿಕೊಂಡು ಹೋಗಿ ವಾಹನಗಳ ಸಾಲಿನಲ್ಲಿ ಕಾಯಿಸುವುದು ನನಗೆ ಒಪ್ಪಿಗೆಯಿಲ್ಲ. ನಾವೀಗ ಹೋದರೂ ಬೆಟ್ಟದ ಬುಡದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ, ಕಲ್ಯಾಣಿಯ ಬದಿಯಲ್ಲಿ ಬಿಸಿಲೇರುವವರೆಗೂ ಕೂತು ಬರುತ್ತೇವೆ.

ಸ್ಪರ್ಧೆ ಬೇಡವೆಂದು ನಾನು ಹೇಳುತ್ತಿಲ್ಲ. ಸ್ಪರ್ಧೆಯಿಲ್ಲದ ಮನೆಯಲ್ಲಿ ನಗುವೂ ಕಡಿಮೆ. ಆದರೆ ಅದರ ಲೆಕ್ಕ ಅಂದಿನ ಸಂಜೆಗೇ ಮುಗಿಯಬೇಕು. ಅಂಗಡಿಯ ಅಚ್ಚುಹಾಕಿದ ಹಲಗೆಗಿಂತ ನೆಲದ ಮೇಲೆ ಬರೆದ ಚೌಕ ಮೇಲು ಎಂದು ನಾನು ಹಟಹಿಡಿಯುವುದು ಇದಕ್ಕಾಗಿಯೇ: ಕಸ ಗುಡಿಸಿ ನೆಲ ಒರೆಸಿದರೆ ಗೆದ್ದವರೂ ಸೋತವರೂ ಒರೆಸಿಹೋಗುತ್ತಾರೆ. ಮನೆಯ ಹಿರಿಯರಿಗೂ ಕಿರಿಯರಿಗೂ ಸಮವಾಗಿ ಗೆಲುವು ಸಿಗುವ ಆಟವನ್ನೇ ಆರಿಸಿಕೊಳ್ಳಿ. ಕೇರಂನಲ್ಲಿ ಕೈ ಪಳಗಿದವರೇ ಗೆಲ್ಲುತ್ತಾರೆ; ಕವಡೆ ಯಾರ ವಯಸ್ಸನ್ನೂ ನೋಡುವುದಿಲ್ಲ.

ನಮ್ಮ ಮನೆಯಲ್ಲಿ ಈಗಲೂ ಬಿಡದೆ ನಡೆಯುವ ದೊಡ್ಡ ಸ್ಪರ್ಧೆ ಡಿಸೆಂಬರ್, ಜನವರಿಯ ಅವರೆಕಾಳಿನದು. ಶನಿವಾರ ಸಂಜೆ ಎಲ್ಲರೂ ಕೂತು ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕುತ್ತೇವೆ. ಬೆಳಿಗ್ಗೆ ಪ್ರತಿಯೊಬ್ಬರ ಮುಂದೆಯೂ ಒಂದು ಬಟ್ಟಲು. ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಹಾರಿ ಬಟ್ಟಲಿಗೆ ಬೀಳಬೇಕು. ಹೊಸಬರು ಹಿತುಕಿದ್ದು ಪಕ್ಕದವರ ಕೆನ್ನೆಗೆ ಹೋಗಿ ತಾಗುತ್ತದೆ. ನನ್ನ ತಾಯಿ ಎರಡೂ ಕೈಗಳಲ್ಲಿ ಏಕಕಾಲಕ್ಕೆ ಹಿತುಕುತ್ತಾರೆ, ಅವರನ್ನು ಇನ್ನೂ ಯಾರೂ ಸೋಲಿಸಿಲ್ಲ. ಯಾರ ಬಟ್ಟಲು ಮೊದಲು ತುಂಬಿತೆಂದು ದೊಡ್ಡ ಗಲಾಟೆಯೇ ಆಗುತ್ತದೆ. ಆಮೇಲೆ ಎಲ್ಲ ಬಟ್ಟಲುಗಳೂ ಒಂದೇ ಪಾತ್ರೆಗೆ ಬೀಳುತ್ತವೆ. ಮಧ್ಯಾಹ್ನ ಹಿತಕಿದಬೇಳೆ ಸಾರು, ರಾಗಿಮುದ್ದೆ. ಆ ದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳುವುದಿಲ್ಲ.

ನಿಮ್ಮ ತಾಯಿಯವರು ‘ನಾನು ನೋಡ್ತೀನಿ’ ಎನ್ನಲು ಶುರುಮಾಡಿದ್ದು ಯಾವ ವಾರದಿಂದ, ಅದಕ್ಕೆ ಮುಂಚಿನ ವಾರ ನಿಮ್ಮ ಮನೆಯಲ್ಲಿ ಯಾವ ಹೊಸ ನಿಯಮ ಬಂದಿತ್ತು ಎಂಬುದನ್ನು ದಯವಿಟ್ಟು ನೆನಪು ಮಾಡಿಕೊಳ್ಳಿ. ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಅಂಕಪಟ್ಟಿಯನ್ನು ಗೋಡೆಯಿಂದ ತೆಗೆದುಬಿಡಿ. ಭಾನುವಾರ ಅವರ ಪಕ್ಕದಲ್ಲಿ ಕೂತು, ಅವರು ಚಿಕ್ಕವರಿದ್ದಾಗ ಯಾವ ಆಟ ಆಡುತ್ತಿದ್ದರೆಂದು ಕೇಳಿ, ಬಳಪವನ್ನು ಅವರ ಕೈಗೇ ಕೊಡಿ. ಅವರು ಚೌಕ ಬರೆಯಲು ಎಷ್ಟು ಹೊತ್ತು ತೆಗೆದುಕೊಂಡರೂ ಮೊಬೈಲು ಒಳಕೋಣೆಯಲ್ಲೇ ಇರಲಿ.