ಕೀನ್ಯಾದ ಆ ಮನೆಗೆ ನೆಂಟರಾಗಿ ಹೋಗಿ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗ ನೈರೋಬಿಯಲ್ಲಿ ಕೆಲಸದಲ್ಲಿದ್ದಾನೆ. ನಾಲ್ಕು ವರ್ಷದಿಂದ ಒಂದು ಸಂಸ್ಥೆಯ ಮೂಲಕ, ಕಿಸುಮು ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳ ಓದಿನ ಖರ್ಚನ್ನು ನಮ್ಮ ಹೆಸರಿನಲ್ಲಿ ಕಟ್ಟುತ್ತಿದ್ದಾನೆ. ಅವಳಿಗೀಗ ಹನ್ನೊಂದು ವರ್ಷ. ಆಗಾಗ ಕಾಗದ ಬರೆಯುತ್ತಾಳೆ. ಆಗಸ್ಟ್‌ನಲ್ಲಿ ನಾನೂ ಯಜಮಾನರೂ ಅವಳನ್ನು ನೋಡಲು ಹೋಗುತ್ತಿದ್ದೇವೆ. ಅವಳಿಗೊಂದು ಜೊತೆ ಚಿನ್ನದ ಓಲೆ, ತಾಯಿಯ ಕೈಗೆ ಸ್ವಲ್ಪ ದುಡ್ಡು ಕೊಡುವ ಆಸೆ. ತಪ್ಪಾ? ಅಲ್ಲಿ ಹೇಗೆ ನಡೆದುಕೊಳ್ಳಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ, ಅಮ್ಮಾ. ಆ ಹುಡುಗಿಯ ಜಾಗದಲ್ಲಿ ಒಂದು ಕಾಲಕ್ಕೆ ನಾನಿದ್ದೆ. ಮುಳಬಾಗಿಲು ಹತ್ತಿರ ನಮ್ಮೂರು. ನಾನು ಐದನೇ ಕ್ಲಾಸಿನಲ್ಲಿದ್ದಾಗ, ನನ್ನ ಓದಿಗೆ ದುಡ್ಡು ಕಳಿಸುತ್ತಿದ್ದ ಜರ್ಮನಿಯ ಗಂಡ ಹೆಂಡತಿ ನಮ್ಮ ಮನೆಗೆ ಬಂದಿದ್ದರು.

ಹಿಂದಿನ ದಿನವೇ ಅಮ್ಮ ನೆಲ ಸಾರಿಸಿದಳು. ಪಕ್ಕದ ಮನೆಯಿಂದ ಎರಡು ಕುರ್ಚಿ, ನಾಲ್ಕು ಸ್ಟೀಲ್ ಲೋಟ ತಂದಳು. ಮೊಟ್ಟೆ ಇಡುತ್ತಿದ್ದ ಕೋಳಿಯನ್ನೇ ಕೊಯ್ಸಿದಳು. ಬಂದ ಆ ಹೆಂಗಸು ಕುರ್ಚಿ ಬಿಟ್ಟು ಅಮ್ಮನ ಪಕ್ಕ ಚಾಪೆ ಮೇಲೆ ಕೂತರು. ಮುದ್ದೆ ಮುರಿಯಲು ಹೋಗಿ ಬೆರಳು ಸುಟ್ಟುಕೊಂಡರು. ಅಮ್ಮ ಅವರ ಕೈ ಹಿಡಿದು, ಚೂರು ಮುರಿದು, ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ತೋರಿಸಿದಳು. ಅಮ್ಮನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರು ಮುದ್ದೆ ಪೂರ್ತಿ ಉಂಡರು ಅಂತ ಅಮ್ಮ ಎಷ್ಟೋ ವರ್ಷ ಊರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಹಾಗಾಗಿ ಕೀನ್ಯಾದ ಆ ಮನೆಯವರು ಬಡಿಸಿದ್ದನ್ನು ಊಟ ಮಾಡಿ. ಊಟಕ್ಕೆ ಮುಂಚೆ ಮನೆಯವರೇ ಚೆಂಬಿನಿಂದ ನಿಮ್ಮ ಕೈಗೆ ನೀರು ಹಾಕುತ್ತಾರೆ. ಬಡಿಸುವುದು ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಜೊತೆಗೆ ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ನೆಂಟರು ಬಂದರೆ ಅಲ್ಲೂ ಕೋಳಿ ಕೊಯ್ಯುತ್ತಾರೆ. ನೀವು ಸಸ್ಯಾಹಾರಿಗಳಾಗಿದ್ದರೆ ಸಂಸ್ಥೆಯವರಿಗೆ ಮೊದಲೇ ತಿಳಿಸಿ. ಮುಂದೆ ಇಟ್ಟ ಮೇಲೆ ಬೇಡ ಅಂದರೆ ಆ ತಾಯಿಗೆ ನೋವಾಗುತ್ತದೆ. ಇನ್ನೊಂದು ವಿಷಯ: ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾ. ಸ್ವಾಹಿಲಿಯಲ್ಲಿ ರಾಗಿಗೆ ವಿಂಬಿ, ಗಂಜಿಗೆ ಉಜಿ ಅನ್ನುತ್ತಾರೆ. ನಿಮ್ಮೂರಿನ ರಾಗಿ ಹೊಲದ ಫೋಟೋ ಒಂದು ಒಯ್ಯಿರಿ. ಮಾತು ತಾನಾಗಿ ಶುರುವಾಗುತ್ತದೆ.

ಓಲೆ ಬೇಡ ಅಮ್ಮಾ. ನನಗೆ ಅವತ್ತು ಕಣ್ಣು ಮುಚ್ಚಿ ಬಿಡುವ ಬೊಂಬೆ ಸಿಕ್ಕಿತ್ತು. ತಮ್ಮನಿಗೆ ಏನೂ ಇರಲಿಲ್ಲ. ಅವನು ರಾತ್ರಿಯೆಲ್ಲ ಅತ್ತ. ಬೆಳಿಗ್ಗೆ ಅಮ್ಮ ಬೊಂಬೆಯನ್ನು ಟ್ರಂಕಿಗೆ ಹಾಕಿ ಬೀಗ ಹಾಕಿದಳು. ಹಳ್ಳಿಯಲ್ಲಿ ಒಂದು ಮಗುವಿನ ಕಿವಿಯಲ್ಲಿ ಚಿನ್ನ ಹೊಳೆದರೆ ಉಳಿದ ಮಕ್ಕಳಿಗೂ ಕಷ್ಟ, ಆ ಮಗುವಿಗೂ ಭಯ. ಮನೆ ಮಂದಿಯೆಲ್ಲ ಹಂಚಿಕೊಳ್ಳುವಂಥದ್ದು ಒಯ್ಯಿರಿ. ತಿಪಟೂರಿನವರಿಗೆ ಕೊಬ್ಬರಿ ಮಿಠಾಯಿಗಿಂತ ಬೇಕಾ? ಜೊತೆಗೆ ಒಂದು ಫುಟ್‌ಬಾಲ್ ಇರಲಿ. ಎಲ್ಲವನ್ನೂ ಬಟ್ಟೆ ಚೀಲದಲ್ಲಿ ಹಾಕಿಕೊಳ್ಳಿ. 2017ರಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ ಜಾಸ್ತಿ. ದುಡ್ಡನ್ನಂತೂ ನೇರವಾಗಿ ಕೈಗೆ ಕೊಡಬೇಡಿ. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಅದಕ್ಕೆ ಒಪ್ಪುವುದಿಲ್ಲ. ಮನೆಗೆ ಏನು ಬೇಕು ಅಂತ ಅವರನ್ನೇ ಕೇಳಿ, ಅವರ ಮೂಲಕ ಕೊಡಿ.

ಭೇಟಿಗೆ ಈಗಲೇ ಸಂಸ್ಥೆಗೆ ಬರೆಯಿರಿ. ಅನುಮತಿಗೆ ಸಮಯ ಹಿಡಿಯುತ್ತದೆ. ಅವರ ಕಡೆಯವರೊಬ್ಬರು ಜೊತೆಗಿರುತ್ತಾರೆ. ಅದು ಮಗುವಿನ ರಕ್ಷಣೆಗೆ, ಬೇಜಾರು ಮಾಡಿಕೊಳ್ಳಬೇಡಿ. ಆಗಸ್ಟ್‌ನ ಹೆಚ್ಚಿನ ದಿನ ಅಲ್ಲಿ ಶಾಲೆಗೆ ರಜೆ, ಹುಡುಗಿ ಮನೆಯಲ್ಲೇ ಸಿಗುತ್ತಾಳೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು. ಆ ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಇಲ್ಲಿ ಪ್ರತ್ಯೇಕವಾಗಿ ಇರಿಸುತ್ತಾರೆ. ಅರವತ್ತು ದಾಟಿದವರು ಮೊದಲು ವೈದ್ಯರ ಹತ್ತಿರ ಮಾತಾಡಲೇಬೇಕು. ಕಿಸುಮು ಇರುವುದು ವಿಕ್ಟೋರಿಯಾ ಸರೋವರದ ದಡದಲ್ಲಿ, ಮಲೇರಿಯಾ ಇದೆ. ಅದರ ಮಾತ್ರೆಯನ್ನೂ ಕೇಳಿ.

ಆ ಕಡೆ ಜಾಸ್ತಿ ಜನ ಆಡುವುದು ಲುವೊ ಭಾಷೆ. ಧನ್ಯವಾದಕ್ಕೆ ‘ಎರೋಕಮಾನೊ’ ಅನ್ನುತ್ತಾರೆ. ಅದೊಂದು ಮಾತನ್ನು ಆ ತಾಯಿಗೆ ನೀವೇ ಹೇಳಿ, ಅನುವಾದಕರ ಬಾಯಲ್ಲಿ ಹೇಳಿಸಬೇಡಿ.

ಕೊನೆಯದಾಗಿ ಒಂದು ವಿಷಯ. ಹೊರಡುವಾಗ ಆ ಜರ್ಮನಿಯವರು ಪ್ರೀತಿಯಿಂದ, ‘ಒಂದು ದಿನ ನಮ್ಮ ದೇಶಕ್ಕೆ ಬಾ’ ಅಂದರು. ಅವರಿಗೆ ಅದು ಬೀಳ್ಕೊಡುವ ಮಾತು. ನಾನು ಎರಡು ವರ್ಷ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲಿಗೆ ಓಡಿ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನೀವು ಅಂಥ ಮಾತು ಕೊಡಬೇಡಿ. ಮುಂದಿನ ಕಾಗದ ಯಾವ ತಿಂಗಳು ಬರೆಯುತ್ತೀರಿ ಅಂತ ಆ ಹುಡುಗಿಗೆ ಹೇಳಿ. ಆ ತಿಂಗಳೇ ಬರೆಯಿರಿ.